ಕೆರೆ ಮೀನು ಸತ್ತರೆ ಯಾರ ಮೇಲೆ ಅನುಮಾನ?

ಕೆರೆಯಲ್ಲಿ ಮೀನು ಸತ್ತು ತೇಲಿದರೆ ಮಂಡ್ಯ ಕಡೆಯ ಊರುಗಳಲ್ಲಿ ಮೊದಲು ಹುಟ್ಟುವ ಮಾತು ಒಂದೇ: “ಯಾರೋ ವಿಷ ಹಾಕವ್ರೆ ಕಣಪ್ಪ.” ಗುತ್ತಿಗೆ ಹಿಡಿದವನಿಗೆ ಹರಾಜಿನಲ್ಲಿ ತನ್ನೆದುರು ನಿಂತು ಸೋತವನ ಮುಖ ನೆನಪಾಗುತ್ತದೆ. ಊರಿನವರಿಗೆ ಹಳೇ ಪಂಚಾಯ್ತಿ ಜಗಳ ನೆನಪಾಗುತ್ತದೆ. ಸಂಜೆಯ ಹೊತ್ತಿಗೆ ಪೊಲೀಸ್ ಠಾಣೆಯ ಮಾತು ಬರುತ್ತದೆ. ಸತ್ತ ಮೀನನ್ನು ಗುಂಡಿ ತೋಡಿ ಮುಚ್ಚುತ್ತಾರೆ. ಅನುಮಾನವನ್ನು ಮುಚ್ಚಲು ಗುಂಡಿ ಸಿಗುವುದಿಲ್ಲ.

ವಿಷ ಹಾಕುವವರು ಇಲ್ಲವೆಂದಲ್ಲ. ಹಿಪ್ಪೆ ಹಿಂಡಿ ಕದಡಿ ಮೀನು ಹಿಡಿಯುವುದು ಹಳೆಯ ವಿದ್ಯೆ. ಬ್ರಿಟಿಷ್ ಇಂಡಿಯಾದಲ್ಲಿ 1897ರಲ್ಲಿ ಬಂದ ಮೀನುಗಾರಿಕೆ ಕಾಯಿದೆಯಲ್ಲಿ ಮುಖ್ಯವಾಗಿದ್ದದ್ದೇ ಎರಡು ಅಪರಾಧ: ನೀರಿನಲ್ಲಿ ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದು, ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಗೆ ಕಾಯಿದೆ ಮಾಡಿತು. ಅಂದರೆ ಮೀನು ಸತ್ತರೆ ಕೊಂದವರು ಯಾರು ಎಂದು ಕೇಳುವುದನ್ನು ಸರ್ಕಾರವೂ ನೂರಿಪ್ಪತ್ತು ವರ್ಷಗಳ ಹಿಂದೆಯೇ ಕಲಿತಿತ್ತು. ಮೀನಿಗೂ ಕಾಯಿಲೆ ಬರುತ್ತದೆ, ಅದೂ ದನದ ಹಾಗೆ, ನಮ್ಮ ಹಾಗೆ ಜ್ವರ ಹಿಡಿದು ಸಾಯುವಂಥ ಜೀವ ಎನ್ನುವುದು ನಮ್ಮ ಲೆಕ್ಕಕ್ಕೆ ಬರಲು ಬಹಳ ಕಾಲ ಹಿಡಿಯಿತು. ಆ ತಡದ ಕತೆ ಮಂಡ್ಯ, ಮದ್ದೂರು, ಮಳವಳ್ಳಿಯ ನೀರಿನ ಕತೆಯೂ ಹೌದು.

ನೀರು ನಿಂತ ಮೇಲೆ

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕಟ್ಟೆ ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು. ಆಗ ಇರ್ವಿನ್ ನಾಲೆ ಎಂದು ಕರೆಸಿಕೊಂಡು, ಆಮೇಲೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಕಾವೇರಿಯನ್ನು ತಂದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಈ ಕತೆಯನ್ನು ನಾವು ಭತ್ತದ ಕತೆ, ಕಬ್ಬಿನ ಕತೆ ಎಂದು ಓದಿದ್ದೇವೆ. ಮೀನಿನ ಕಡೆಯಿಂದ ನೋಡಿದರೆ ಅದೇ ಕತೆ ಬೇರೆ ಥರ ಕಾಣುತ್ತದೆ.

ನಾಲೆ ಬರುವ ಮೊದಲು ಈ ಸೀಮೆಯ ಕೆರೆಗಳು ಮಳೆ ನಂಬಿದವು. ಮುಂಗಾರು, ಹಿಂಗಾರಿನಲ್ಲಿ ತುಂಬಿ, ಬೇಸಿಗೆಗೆ ಬತ್ತಿ, ಅಂಗಳ ಬಿರುಕು ಬಿಡುತ್ತಿತ್ತು. ನೀರು ಕೊನೆಗೆ ಬಂದಾಗ ಊರಿಗೆ ಊರೇ ಇಳಿದು ಬಲೆ, ಕೂಳಿ, ಬರಿಗೈಲಿ ಮೀನು ಬಾಚುತ್ತಿತ್ತು. ಉಳಿದ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಆಮೇಲೆ ಎರಡು ಮೂರು ತಿಂಗಳು ಬಿಸಿಲು ಕೆರೆಯ ತಳವನ್ನು ಸುಡುತ್ತಿತ್ತು. ಇವತ್ತು ಮೀನು ಸಾಕಾಣಿಕೆ ಕಲಿಸುವವರು ಮೊದಲ ಪಾಠದಲ್ಲಿ ಹೇಳುವುದು ಇದನ್ನೇ: ಕೊಳದ ನೀರು ಖಾಲಿ ಮಾಡಿ, ಹೂಳು ತೆಗೆಯಿರಿ, ತಳ ಬಿರುಕು ಬಿಡುವವರೆಗೆ ಒಣಗಿಸಿ, ಸುಣ್ಣ ಹಾಕಿ. ರೋಗಾಣುವನ್ನು ಕೊಲ್ಲಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಸುಣ್ಣ ಒಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಕೆರೆಗಳಲ್ಲಿ ಯಾರೂ ಹೇಳದೆ ನಡೆಯುತ್ತಿತ್ತು.

ನಾಲೆಯ ನೀರು, ಗದ್ದೆಯ ಬಸಿನೀರು ಕೆರೆಗೆ ಸೇರತೊಡಗಿದ ಮೇಲೆ ಆ ಬೇಸಿಗೆಯ ಬಿಸಿಲು ಅನೇಕ ಕೆರೆಗಳ ತಳ ಮುಟ್ಟುವುದು ನಿಂತಿತು. ರೈತನಿಗೆ ಅದು ವರ. ಮೀನಿಗೂ ವರದ ಹಾಗೇ ಕಂಡಿತು. ಬೇಸಿಗೆಯಲ್ಲೂ ನೀರಿದ್ದರೆ ಮೀನು ದೊಡ್ಡದಾಗುತ್ತದೆ. ಆದರೆ ಹೂಳೂ ಉಳಿಯುತ್ತದೆ. ಹೂಳಿನಲ್ಲಿ ಕೊಳೆಯುವುದೆಲ್ಲ ಉಳಿಯುತ್ತದೆ. ಅದನ್ನೇ ತಿಂದು ಬದುಕುವ ಸಣ್ಣ ಜೀವಿಗಳೂ ಉಳಿಯುತ್ತವೆ.

ಗಂಗೆಯ ಮೀನು ಕಾವೇರಿ ಸೀಮೆಗೆ

ಹಳೆಯ ಕೆರೆಯಲ್ಲಿ ಯಾರೂ ಮೀನು ಬಿಡುತ್ತಿರಲಿಲ್ಲ. ಕೊರವ, ಬಾಳೆ, ಪಕ್ಕೆ, ಹಾವುಮೀನು ತಾವಾಗಿ ಬಂದು ತಾವಾಗಿ ಮರಿ ಹಾಕುತ್ತಿದ್ದವು. ಈಗ ಮಾರುಕಟ್ಟೆಯಲ್ಲಿ “ಕೆರೆ ಮೀನು” ಎಂದು ಕೊಳ್ಳುವ ಕಾಟ್ಲಾ, ರೋಹು, ಮೃಗಾಲ್ ಮೂಲದಲ್ಲಿ ಗಂಗಾ ಬಯಲಿನವು. ಅವು ಹರಿಯುವ ಹೊಳೆಯಲ್ಲಿ ಮಾತ್ರ ಮೊಟ್ಟೆಯಿಡುತ್ತವೆ, ನಿಂತ ಕೆರೆಯಲ್ಲಿ ಇಡುವುದಿಲ್ಲ. ಹಾಗಾಗಿ ಮರಿ ಬೇಕೆಂದರೆ ಹೊಳೆಯಲ್ಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಜೊತೆಗಾರರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಗಳಿಗೆ ಕೊಳದಲ್ಲೇ ಮೊಟ್ಟೆಯಿಡಿಸಿದರು. ದೇಶ ಈಗಲೂ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ಅದೇ ವರ್ಷ ಬ್ಯಾಂಕಾಕ್‌ನಿಂದ ಸಾಮಾನ್ಯ ಗೆಂಡೆಯ ತಳಿ ಬಂತು. 1959ರಲ್ಲಿ ಹುಲ್ಲು ಗೆಂಡೆ, ಬೆಳ್ಳಿ ಗೆಂಡೆ ಬಂದವು. 1970ರ ದಶಕದಲ್ಲಿ ಮೀನು ಕೃಷಿಕರ ಅಭಿವೃದ್ಧಿ ಸಂಸ್ಥೆಗಳ ಯೋಜನೆ ಜಿಲ್ಲೆಗಳಿಗೆ ಬಂತು. ಸಹಕಾರ ಸಂಘಗಳು, ಗುತ್ತಿಗೆದಾರರು ಕೆರೆ ಹಿಡಿದು ಮರಿ ಬಿಡುವುದು ವಾಡಿಕೆಯಾಯಿತು.

ಇದರಿಂದ ಮೀನು ಹೆಚ್ಚಿತು. ಬೆಸ್ತರ ಕೇರಿಯಲ್ಲಿ ವರ್ಷದ ಸಂಪಾದನೆಗೆ ಒಂದು ದಾರಿಯಾಯಿತು. ಅದರ ಜೊತೆಗೆ ಎರಡು ವಿಷಯ ಬದಲಾದವು. ಮೊದಲನೆಯದು ಒತ್ತು. ಅದೇ ನೀರಿಗೆ ಹೆಚ್ಚು ಮರಿ, ಆ ಮರಿಗೆ ಸಗಣಿ, ಬೂಸಾ, ಹಿಂಡಿ. ಎರಡನೆಯದು ಓಡಾಟ. ಒಂದು ಊರಿನ ಮರಿ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ರಾತ್ರೋರಾತ್ರಿ ಇನ್ನೊಂದು ಜಿಲ್ಲೆಯ ಕೆರೆಗೆ ಬರುತ್ತದೆ. ಮರಿ ಬಂದ ಚೀಲದಲ್ಲಿ ನೀರೂ ಬರುತ್ತದೆ. ಆ ನೀರಿನಲ್ಲಿ ಏನಿದೆ ಎಂದು ಕೇಳುವವರು ಕಡಿಮೆ.

ನೀರನ್ನು ಪ್ರೀತಿಸುವ ರೋಗಾಣು

ಯೂರೋಪಿನಲ್ಲಿ ಈ ಪ್ರಶ್ನೆ ಬೇಗ ಹುಟ್ಟಿತು, ಕಾರಣ ಅಲ್ಲಿ ಮೀನು ಸಾಕುವವರಿಗೆ ನಷ್ಟ ಬೇಗ ಬಡಿಯಿತು. 1894ರಲ್ಲಿ ಜರ್ಮನಿಯ ಎಮೆರಿಕ್ ಮತ್ತು ವೈಬೆಲ್ ಸಾಕಿದ ಟ್ರೌಟ್ ಮೀನಿನ ಮೈಮೇಲೆ ಏಳುವ ಕುರುಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಅದಕ್ಕೂ ಮೂರು ವರ್ಷ ಮೊದಲು ಸನಾರೆಲ್ಲಿ ಎಂಬ ಇಟಲಿಯ ವಿಜ್ಞಾನಿ ಕಪ್ಪೆಗಳಲ್ಲಿ ಅದರ ನೆಂಟನನ್ನು ಗುರುತಿಸಿದ್ದ. ಆ ನೆಂಟನೇ ಇವತ್ತಿನ ಏರೋಮೊನಾಸ್ ಹೈಡ್ರೋಫಿಲಾ. ಹೈಡ್ರೋಫಿಲಾ ಎಂದರೆ ನೀರನ್ನು ಪ್ರೀತಿಸುವಂಥದ್ದು. 1922ರಲ್ಲಿ ಅಮೆರಿಕದ ಡೇವಿಸ್ ಮಿಸಿಸಿಪಿ ನದಿಯ ಮೀನುಗಳಲ್ಲಿ ಇನ್ನೊಂದನ್ನು ವಿವರಿಸಿದ. ಅದು ಕಿವಿರು ಕೊಳೆಸುತ್ತದೆ, ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದ ಹಾಗೆ ಬೂದು ಕಲೆ ಮಾಡುತ್ತದೆ. ಕಾಲಮ್ನಾರಿಸ್ ಎಂದು ಅದರ ಹೆಸರು. ಬ್ರಿಟನ್ 1929ರಲ್ಲಿ ಕುರು ರೋಗದ ವಿಚಾರಣೆಗೆಂದೇ ಸಮಿತಿ ನೇಮಿಸಿ, 1937ರಲ್ಲಿ ಮೀನು ರೋಗಗಳ ಕಾಯಿದೆ ತಂದಿತು. ಇಲ್ಲಿ ನಾಲೆಯ ನೀರು ಗದ್ದೆಗೆ ಹರಿಯತೊಡಗಿದ್ದ ಕಾಲ ಅದು.

ಏರೋಮೊನಾಸ್ ಹೊರಗಿನಿಂದ ಬರುವ ಶತ್ರುವಲ್ಲ. ಅದು ಕೆರೆಯ ಕಾಯಂ ನಿವಾಸಿ. ನೀರಿನಲ್ಲಿ, ಹೂಳಿನಲ್ಲಿ, ಆರೋಗ್ಯವಾಗಿರುವ ಮೀನಿನ ಕರುಳಿನಲ್ಲೂ ಇರುತ್ತದೆ. ಮೀನು ಗಟ್ಟಿಯಾಗಿದ್ದಷ್ಟು ದಿನ ಸುಮ್ಮನಿರುತ್ತದೆ. ನೀರಿನಲ್ಲಿ ಉಸಿರಿಗೆ ಆಮ್ಲಜನಕ ಕಡಿಮೆಯಾದಾಗ, ಅಮೋನಿಯಾ ಹೆಚ್ಚಿದಾಗ, ಬಲೆ ಉಜ್ಜಿ ಹುರುಪೆ ಕಿತ್ತಾಗ, ಹವೆ ಏಕಾಏಕಿ ತಿರುಗಿದಾಗ ಅದಕ್ಕೆ ಬಾಗಿಲು ತೆರೆಯುತ್ತದೆ. ಒಳಗೆ ಹೋದ ಮೇಲೆ ರಕ್ತಕಣ ಒಡೆಯುವ ವಿಷ ಬಿಡುತ್ತದೆ. ರೆಕ್ಕೆಯ ಬುಡ ಕೆಂಪಾಗುತ್ತದೆ, ಬಾಲ ಸವೆಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಹುರುಪೆ ನಿಗುರಿ ನಿಲ್ಲುತ್ತವೆ, ಕಣ್ಣು ಉಬ್ಬುತ್ತದೆ. ಗೆಂಡೆ ಸಾಕುವವರು ಜಲೋದರ ಎಂದು ಕರೆಯುವುದು ಇದನ್ನೇ.

ಇಲ್ಲೊಂದು ಸೂಕ್ಷ್ಮವಿದೆ. ಸತ್ತ ಮೀನಿನಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತು ಎಂದ ಮಾತ್ರಕ್ಕೆ ಅದೇ ಕೊಂದಿತು ಎನ್ನುವ ಹಾಗಿಲ್ಲ. ಕಳ್ಳತನವಾದ ಮನೆಯಲ್ಲಿ ಮನೆಯವನ ಹೆಜ್ಜೆಗುರುತು ಸಿಕ್ಕ ಹಾಗೆ ಅದು. ಈ ಪಾಠವನ್ನು ಭಾರತ ದುಬಾರಿ ಬೆಲೆ ಕೊಟ್ಟು ಕಲಿಯಿತು.

ಹುಣ್ಣಿನ ವರ್ಷಗಳು

1971ರಲ್ಲಿ ಜಪಾನಿನ ಸಾಕಿದ ಮೀನುಗಳಲ್ಲಿ ಮೈಯೆಲ್ಲ ಆಳವಾದ ಹುಣ್ಣಾಗುವ ಒಂದು ರೋಗ ಕಾಣಿಸಿತು. ಮರುವರ್ಷ ಆಸ್ಟ್ರೇಲಿಯಾದಲ್ಲಿ ಕೆಂಪು ಚುಕ್ಕೆ ರೋಗ ಎಂದು ಅದನ್ನು ಕರೆದರು. ಅಲ್ಲಿಂದ ಪಪುವಾ ನ್ಯೂಗಿನಿ, ಆಗ್ನೇಯ ಏಷ್ಯಾ ದಾಟಿ 1988ರಲ್ಲಿ ಬಾಂಗ್ಲಾದೇಶಕ್ಕೂ ನಮ್ಮ ಅಸ್ಸಾಂ, ತ್ರಿಪುರಾಗಳಿಗೂ ಬಂತು. 1991ರಲ್ಲಿ ಕೇರಳದ ಹಿನ್ನೀರು ಮುಟ್ಟಿತು. 1990ರ ದಶಕದ ಮೊದಲ ವರ್ಷಗಳಲ್ಲೇ ಕರ್ನಾಟಕಕ್ಕೂ ಕಾಲಿಟ್ಟಿತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಿ.ವಿ. ಮೋಹನ್ ಮತ್ತು ಕೆ.ಎಂ. ಶಂಕರ್ ರಾಜ್ಯದ ಸಿಹಿನೀರು ಮತ್ತು ಚೌಳುನೀರಿನ ಮೀನುಗಳಲ್ಲಿ ಈ ರೋಗ ಹರಡಿದ ಬಗೆಯನ್ನು ಅಭ್ಯಾಸ ಮಾಡಿ 1994ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ಈ ರೋಗ ಸಾಕಿದ ಮೀನು, ಕಾಡುಮೀನು ಎಂದು ನೋಡಲಿಲ್ಲ. ಯಾರೂ ಬಿತ್ತದೆ ಬೆಳೆದ ಕೊರವ, ಪಕ್ಕೆ, ಹಾವುಮೀನುಗಳೇ ಅದಕ್ಕೆ ಮೊದಲು ತುತ್ತಾದವು. ಹೊರಗಿನಿಂದ ಬಂದ ಸಾಮಾನ್ಯ ಗೆಂಡೆ, ಜಿಲೇಬಿ ಮೀನು ಅದನ್ನು ತಡೆದುಕೊಂಡವು. ಹುಣ್ಣಾದ ಮೀನನ್ನು ನೋಡಿ ಜನ ಮೀನು ತಿನ್ನುವುದನ್ನೇ ಬಿಟ್ಟರು. ರೋಗ ಬಂದ ಕಡೆಯಲ್ಲೆಲ್ಲ ಆರೋಗ್ಯವಾದ ಮೀನಿನ ಬೆಲೆಯೂ ಬಿತ್ತು. ಹೊಳೆಯನ್ನೇ ನಂಬಿದ ಬಡ ಮೀನುಗಾರನಿಗೆ ರೋಗಕ್ಕಿಂತ ಈ ಹೆದರಿಕೆ ಹೆಚ್ಚು ಹೊಡೆತ ಕೊಟ್ಟಿತು.

ಯಾವುದು ಕಾರಣ ಎನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಹುಣ್ಣಿನಲ್ಲಿ ಕೈಯಿಟ್ಟ ಪ್ರಯೋಗಾಲಯಗಳಿಗೆಲ್ಲ ಏರೋಮೊನಾಸ್ ಸಿಕ್ಕಿತು, ಹಾಗಾಗಿ ಬ್ಯಾಕ್ಟೀರಿಯಾವೇ ಅಪರಾಧಿ ಎಂದರು. ಕೆಲವರಿಗೆ ವೈರಸ್ ಸಿಕ್ಕಿತು, ಕೆಲವರು ಗದ್ದೆಗೆ ಹೊಡೆಯುವ ಕೀಟನಾಶಕವನ್ನು ದೂರಿದರು. ಕೊನೆಗೆ ಮಾಂಸದ ಆಳದಲ್ಲಿ ಬೇರು ಬಿಟ್ಟಿದ್ದ, ಬೂಸ್ಟಿನಂತೆ ಎಳೆಎಳೆಯಾಗಿ ಬೆಳೆಯುವ ಒಂದು ಜೀವಿ ಎಲ್ಲ ದೇಶದ ಹುಣ್ಣಿನಲ್ಲೂ ಕಂಡಿತು: ಅಫನೋಮೈಸಿಸ್ ಇನ್ವಡಾನ್ಸ್. ನೀರು ತಣ್ಣಗಾಗುವ ಕಾಲದಲ್ಲಿ, ಮಳೆ ನಿಂತು ಚಳಿ ಶುರುವಾಗುವಾಗ, ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಚರ್ಮದ ಸಣ್ಣ ಗಾಯದಲ್ಲಿ ಇಳಿಯುತ್ತದೆ. ಅದು ತೆರೆದ ಬಾಗಿಲಲ್ಲಿ ಏರೋಮೊನಾಸ್ ನುಗ್ಗಿ ಹುಣ್ಣನ್ನು ಕೊಳೆಸುತ್ತದೆ. ಅಂದರೆ ಬ್ಯಾಕ್ಟೀರಿಯಾ ಎರಡನೇ ಕಳ್ಳ. ಎಷ್ಟೋ ಮೀನನ್ನು ಕೊನೆಗೆ ಕೊಂದದ್ದೂ ಅದೇ. ಅಪರಾಧಿ ಒಬ್ಬನೇ ಎಂದುಕೊಂಡು ಹುಡುಕಿದವರಿಗೆ ಉತ್ತರ ತಡವಾಗಿ ಸಿಕ್ಕಿದ್ದು ಹೀಗೆ.

ಪರಿಹಾರದಲ್ಲಿ ಹಳೆಯ ಸುಣ್ಣವೇ ಮುಂದೆ ನಿಂತಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ‘ಸೀಫ್ಯಾಕ್ಸ್’ ಎಂಬ ದ್ರಾವಣ ತಯಾರಿಸಿತು. ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ನೀರಿಗೆ 1 ಲೀಟರ್ ಲೆಕ್ಕ. ಕೊಳಕ್ಕೆ ಅದು ಸರಿ. ನೂರಾರು ಎಕರೆಯ ಕೆರೆಗೆ, ಹರಿಯುವ ಶಿಂಷೆಗೆ ಯಾರು, ಎಷ್ಟು ಸುರಿಯುತ್ತಾರೆ? ಕಾಡುಮೀನಿಗೆ ಔಷಧ ಎನ್ನುವುದೇ ಇಲ್ಲ. ಅದಕ್ಕಿರುವುದು ನೀರು ಮಾತ್ರ.

ತುತ್ತಿನಲ್ಲಿ ಲಸಿಕೆ

ಮಂಗಳೂರಿನ ಅದೇ ಕಾಲೇಜಿನಲ್ಲಿ ಶಂಕರ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಮೀನಿಗೆ ಒಂದೊಂದಾಗಿ ಸೂಜಿ ಚುಚ್ಚಲು ಆಗುವುದಿಲ್ಲ. ಮೇವಿನಲ್ಲಿ ಲಸಿಕೆ ಕೊಟ್ಟರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಏರೋಮೊನಾಸ್ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬೆಳೆದಾಗ ತನ್ನ ಸುತ್ತ ಲೋಳೆಯ ಕವಚ ಕಟ್ಟಿಕೊಳ್ಳುತ್ತದೆ, ಕಲ್ಲಿನ ಮೇಲಿನ ಪಾಚಿಲೋಳೆಯ ಹಾಗೆ. ಅವರು ಸೀಗಡಿ ಚಿಪ್ಪಿನಂಥವುಗಳಿಂದ ಸಿಗುವ ಕೈಟಿನ್ ಚೂರುಗಳ ಮೇಲೆ ಅದನ್ನು ಹಾಗೆ ಬೆಳೆಸಿ, ಕೊಂದು, ಮೇವಿನಲ್ಲಿ ಬೆರೆಸಿ ಗೆಂಡೆ ಮೀನುಗಳಿಗೆ ತಿನ್ನಿಸಿದರು. ಕವಚದ ದೆಸೆಯಿಂದ ಅದು ಜೀರ್ಣವಾಗದೆ ಕರುಳು ಮುಟ್ಟಿ ಮೀನಿಗೆ ರಕ್ಷಣೆ ಕೊಟ್ಟಿತು. 1990ರ ದಶಕದ ಕೊನೆಯಲ್ಲಿ ಪ್ರಕಟವಾದ ಈ ಕೆಲಸವನ್ನು ಆಮೇಲೆ ಕೊರವ ಮೀನಿನ ಮೇಲೂ ಪರೀಕ್ಷಿಸಿದರು. ರೋಗಾಣುವಿನ ಗಟ್ಟಿತನವನ್ನೇ ಮೀನಿನ ಕಾವಲಿಗೆ ತಿರುಗಿಸಿದ ಈ ಬುದ್ಧಿ ನಮ್ಮ ರಾಜ್ಯದ್ದು.

ಔಷಧಿ ಅಂಗಡಿಯಲ್ಲಿ ಸಿಗುವ ಆಂಟಿಬಯೋಟಿಕ್ ಇದಕ್ಕೆ ಸಾಟಿಯಲ್ಲ. ಏರೋಮೊನಾಸ್‌ಗೆ ಆಂಪಿಸಿಲಿನ್ ಸಾಮಾನ್ಯವಾಗಿ ಹುಟ್ಟಿನಿಂದಲೇ ನಾಟುವುದಿಲ್ಲ. ಉಳಿದವನ್ನು ಅಂದಾಜಿನಲ್ಲಿ ಕೆರೆಗೆ ಸುರಿದರೆ ಅವಕ್ಕೂ ಬಗ್ಗದ ತಳಿಗಳು ಉಳಿದು ಬೆಳೆಯುತ್ತವೆ. ಆ ನೀರಿನಲ್ಲಿ ದನ ಕುಡಿಯುತ್ತವೆ, ಬಟ್ಟೆ ಒಗೆಯುತ್ತೇವೆ, ಕಾಲಿನ ಗಾಯ ಅದ್ದುತ್ತೇವೆ.

ಕೆರೆಯ ಆಚೆಗೆ

ಕೆರೆಯ ಮೀನಿನ ಆರೋಗ್ಯ ಕೆರೆ ಏರಿಯೊಳಗೆ ನಿಲ್ಲುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಹೊರಜಗತ್ತಿಗೆ ಮತ್ತೆ ಪರಿಚಯಿಸಿದ ಈ ಊರಿನ ಹೆಜ್ಜಾರ್ಲೆಗಳು ಸೂಳೆಕೆರೆ, ತೈಲೂರು ಕೆರೆಯಂಥ ಸುತ್ತಲ ನೀರಿನ ಮೀನು ತಿಂದೇ ಮರಿ ಸಾಕುತ್ತವೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಅಲ್ಲೂ ವಿಷದ ಮಾತು ಬಂತು. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಟ್ಟೆ ತುಂಬ ದುಂಡುಹುಳು. ಮೀನಿನ ಮೈಯಲ್ಲಿ ಒಂದು ಹಂತ ಕಳೆದು ಹಕ್ಕಿಯ ಹೊಟ್ಟೆ ಸೇರುವ ಹುಳು ಅದು. ಬ್ಯಾಕ್ಟೀರಿಯಾ ಅಲ್ಲ, ನಿಜ. ಆದರೆ ಮೀನಿಗೆ ಹತ್ತಿದ್ದು ಮೀನಿನಲ್ಲೇ ಉಳಿಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಕೋಡಿ ಬಿದ್ದ ಕೆರೆಗಳ ನೀರು ಹಳ್ಳ ಹಿಡಿದು ಶಿಂಷೆ ಸೇರುತ್ತದೆ. ಶಿಂಷೆ ಮಳವಳ್ಳಿ ತಾಲ್ಲೂಕು ದಾಟಿ ಕಾವೇರಿಗೆ ಬೀಳುತ್ತದೆ. ಮುತ್ತತ್ತಿ, ಭೀಮೇಶ್ವರಿ ಕಡೆಯ ಆ ಮಡುಗಳಲ್ಲಿ ಗೂನುಬೆನ್ನಿನ ಮಹಶೀರ್ ಇದೆ, ನಮ್ಮವರು ಬಿಳಿಮೀನು ಎನ್ನುವ ಕುಲದ್ದು. ಕಾವೇರಿ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ಈ ಮೀನಿಗೆ 2018ರಲ್ಲಿ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ದಶಕಗಳ ಕಾಲ ಹೊಳೆಗೆ ಬಿಟ್ಟಿದ್ದು ಅದರ ಅವನತಿಗೆ ಮುಖ್ಯ ಕಾರಣಗಳಲ್ಲಿ ಒಂದೆಂದು ಸಂಶೋಧಕರು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಬಿಟ್ಟ ಮರಿಯೂ ಹೊಳೆಯ ಲೆಕ್ಕ ಕೆಡಿಸುತ್ತದೆ. ಕೆಲವೇ ಉಳಿದ ಮೀನಿನ ಕುಲಕ್ಕೆ ಒಂದು ಕೆಟ್ಟ ಚಳಿಗಾಲದ ಹುಣ್ಣು ಸಾಕು.

ಲೆಕ್ಕಕ್ಕೆ ಬಾರದ ಸಾವು

ಈ ದೇಶದಲ್ಲಿ ಜಾನುವಾರು ಗಣತಿ 1919ರಿಂದ ನಡೆದಿದೆ. ದನದ ದೊಡ್ಡರೋಗದ ಕಾಲದಲ್ಲಿ, 1925ರಲ್ಲೇ, ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಬಂತು. ಮೀನುಗಾರಿಕೆ ಕಾಲೇಜು ಬಂದದ್ದು 1969ರಲ್ಲಿ, ಅದೂ ಕಡಲತಡಿಯ ಮಂಗಳೂರಿನಲ್ಲಿ. ಜಲಚರ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ರೈತ ತಾನೇ ಮೊಬೈಲಿನಲ್ಲಿ ಮೀನಿನ ರೋಗ ವರದಿ ಮಾಡುವ ಆ್ಯಪ್ ಬಂದದ್ದು 2023ರಲ್ಲಿ. ಹಸು ಸತ್ತರೆ ಪಂಚನಾಮೆಯಾಗುತ್ತದೆ, ಮೀನು ಸತ್ತರೆ ವದಂತಿಯಾಗುತ್ತದೆ. ಹೆಸರಿಲ್ಲದ ಸಾವಿಗೆ ಪರಿಹಾರ ಕೇಳುವುದೂ ಕಷ್ಟ, ಗುತ್ತಿಗೆ ಹಣ ಕಟ್ಟಿದವನ ಸಾಲ ಮಾತ್ರ ಹೆಸರಿಟ್ಟುಕೊಂಡೇ ಉಳಿಯುತ್ತದೆ.

ಹಾಗಾದರೆ ಕೆರೆಯಲ್ಲಿ ಮೀನು ತೇಲಿದ ದಿನ ನೋಡಬೇಕಾದ್ದೇನು? ಮೋಡ ಮುಚ್ಚಿದ ರಾತ್ರಿಯ ಮಾರನೇ ಬೆಳಗ್ಗೆ ಒಟ್ಟಿಗೇ ಸತ್ತಿದ್ದರೆ, ದೊಡ್ಡ ಮೀನು ಮೊದಲು ಸತ್ತು ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಆಮ್ಲಜನಕ ಸಾಲದೆ ಹೋಗಿದೆ. ಯಾವ ಹೊತ್ತಿನಲ್ಲಾದರೂ ಸಣ್ಣದು ದೊಡ್ಡದೆನ್ನದೆ, ಕಪ್ಪೆ, ಏಡಿ ಸಮೇತ ಸತ್ತಿದ್ದರೆ ವಿಷದ ಅನುಮಾನಕ್ಕೆ ಅರ್ಥವಿದೆ. ದಿನಕ್ಕೆ ನಾಲ್ಕು, ಆಮೇಲೆ ಹತ್ತು, ಆಮೇಲೆ ಐವತ್ತು ಎಂದು ಏರುತ್ತಿದ್ದರೆ, ಕೆಲವೇ ಜಾತಿ ಸಾಯುತ್ತಿದ್ದರೆ, ಮೈಮೇಲೆ ಕೆಂಪು, ಹುಣ್ಣು, ಬಾವು ಇದ್ದರೆ ಅದು ರೋಗ. ಪರೀಕ್ಷೆಗೆ ಒಯ್ಯಬೇಕಾದ್ದು ಕೊಳೆತ ಹೆಣವನ್ನಲ್ಲ, ಇನ್ನೂ ಉಸಿರಿರುವ ಕಾಯಿಲೆ ಮೀನನ್ನು. ಜೊತೆಗೆ ಒಂದು ಬಾಟಲಿ ನೀರು, ತೇದಿ, ಹೊತ್ತು, ಎಷ್ಟು ಸತ್ತವು ಎಂಬ ಲೆಕ್ಕ.

ಆ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿದ್ದರೆ ಸಾಕು. ಮೀನುಗಾರರ ಸಂಘದ ಕಚೇರಿಯಲ್ಲಿ ಮರಿ ಬಿಟ್ಟ ದಿನ, ಹಿಡಿದ ತೂಕ ಬರೆಯುವ ಪುಸ್ತಕ ಹೇಗೂ ಇರುತ್ತದೆ. ಅದರಲ್ಲಿ ಸತ್ತ ಮೀನಿಗೂ ಒಂದು ಕಾಲಂ ಎಳೆದರೆ ಹತ್ತು ವರ್ಷದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಕೆರೆಗಳ ಕಾಯಿಲೆಯ ಚರಿತ್ರೆ ತಾನಾಗಿ ಬರೆದುಕೊಳ್ಳುತ್ತದೆ.